ಕರೆದರೆ ಬಾರದ ಬೋಂಡ

"ಬಾ ಬೋಂಡ, ಬಾ! ಬಿಸ್ಕತ್ತು ನೋಡು, ಬಿಸ್ಕತ್ತು!"

ಅನು ಟೆರೇಸಿನ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಬೋಂಡ ನೀರಿನ ಟ್ಯಾಂಕಿನ ನೆರಳಲ್ಲಿ ಕೂತಿತ್ತು. ಅದು ಬಿಸ್ಕತ್ತನ್ನು ನೋಡಿತು. ಅನುವಿನ ಮುಖ ನೋಡಿತು. ಬಾಲವನ್ನು ಒಂದು ಸಲ, ಅದೂ ಅರ್ಧ, ಆಡಿಸಿತು. ಆಮೇಲೆ ಎದ್ದು ಟ್ಯಾಂಕಿನ ಆ ಕಡೆಗೆ ಹೋಗಿ ಮಲಗಿಬಿಟ್ಟಿತು.

"ಪೋಡಾ!" ಎಂದಳು ಅನು, ಹೋಗೋ ಅಂತ. ಸಿಟ್ಟು ಬಂದಾಗ ಅವಳ ಬಾಯಿಗೆ ಬರುತ್ತಿದ್ದದ್ದು ತಮಿಳೇ.

ಇದು ತಮಾಷೆಯ ವಿಷಯ ಆಗಿರಲಿಲ್ಲ. ಕೆಳಗಿನ ಮನೆಯ ಹೌಸ್ ಓನರ್ ಮಾಮಿ ನೆನ್ನೆ ಮೆಟ್ಟಿಲ ಮೇಲೇ ಅಪ್ಪನನ್ನು ನಿಲ್ಲಿಸಿ ಹೇಳಿದ್ದರು. "ಕೂಪ್ಟಾ ವರಣುಂ ಸುರೇಷ್ ಸಾರ್. ವರಲೇನ್ನಾ ನಾಯಿ ವೇಂಡಾಂ." ಕರೆದರೆ ಬರಬೇಕು, ಬಾರದಿದ್ದರೆ ನಾಯಿ ಬೇಡ. ಮಾಮಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗೇಟು ತೆರೆದರೆ ಸಾಕು, ಬೋಂಡ ಬೀದಿಗೆ ಓಡುತ್ತಿತ್ತು. ಎಷ್ಟು ಕರೆದರೂ ತಿರುಗಿ ಬರುತ್ತಿರಲಿಲ್ಲ. ತಾಂಬರಂನ ಆ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನೀರಿನ ಲಾರಿಗಳ ಓಡಾಟ ಬೇರೆ.

ಹಾಗೆಂದು ಬೋಂಡ ದಡ್ಡ ನಾಯಿ ಏನಲ್ಲ. 'ಸಿಟ್' ಎಂದರೆ ಕೂರುವುದನ್ನು ಅದು ಒಂದೇ ಸಂಜೆಯಲ್ಲಿ ಕಲಿತಿತ್ತು. 'ಶೇಕ್ ಹ್ಯಾಂಡ್' ಎಂದರೆ ಎಡಗಾಲು ಕೊಡುತ್ತಿತ್ತು. ಬಲಗಾಲು ಕೊಡು ಎಂದು ಅನು ಎಷ್ಟು ಹೇಳಿದರೂ ಎಡಗಾಲೇ, ಇರಲಿ ಬಿಡಿ. ಬೆಳಿಗ್ಗೆ ಪೇಪರ್ ಬಿದ್ದ ಸದ್ದಾದರೆ ಕಚ್ಚಿಕೊಂಡು ತಂದು, ಒದ್ದೆ ಪೇಪರನ್ನು ಅಪ್ಪನ ಕಾಲ ಬಳಿ ಹಾಕುತ್ತಿತ್ತು. ಇಷ್ಟೆಲ್ಲ ಕಲಿತ ನಾಯಿಗೆ 'ಬಾ' ಎನ್ನುವ ಇಷ್ಟು ಚಿಕ್ಕ ಪಾಠ ಯಾಕೆ ಹತ್ತುತ್ತಿಲ್ಲ ಎಂದು ಅನುವಿಗೆ ತಲೆ ಕೆಟ್ಟು ಹೋಗಿತ್ತು.

ಮರಿಯಾಗಿದ್ದಾಗ ಹೀಗಿರಲಿಲ್ಲ. ಗಿಂಡಿಯ ಫ್ಯಾಕ್ಟರಿಯಲ್ಲಿ ಅಪ್ಪನಿಗೆ ಕೆಲಸ. ಅಲ್ಲಿನ ಸಾಮಾನಿನ ಶೆಡ್ಡಿನಲ್ಲಿ ಹುಟ್ಟಿದ್ದ ಮರಿಯನ್ನು ಅಪ್ಪ ಆಫೀಸ್ ಬ್ಯಾಗಿನಲ್ಲಿ ಇಟ್ಟುಕೊಂಡು ಎಲೆಕ್ಟ್ರಿಕ್ ಟ್ರೈನಿನಲ್ಲಿ ತಂದಿದ್ದರು. ಬ್ಯಾಗು ಕುಂಯ್ ಎಂದಾಗಲೆಲ್ಲ ಅಪ್ಪ ಜೋರಾಗಿ ಕೆಮ್ಮಿದರಂತೆ. ಮರಿ ದುಂಡಗೆ, ಕಂದು ಬಣ್ಣಕ್ಕಿತ್ತು. ಬೋಂಡ ಎಂದು ಹೆಸರಾಯಿತು. ಆಗ ಬರೀ "ಬಾ" ಎಂದರೆ ಸಾಕು, ಎಲ್ಲಿದ್ದರೂ ಎದ್ದು ಬಿದ್ದು ಓಡಿಬಂದು ಅನುವಿನ ಮಡಿಲಿಗೆ ಉರುಳುತ್ತಿತ್ತು.

ಆಮೇಲೆ ಜೂನ್ ತಿಂಗಳಲ್ಲಿ ನಂಜನಗೂಡಿನಿಂದ ಅಜ್ಜಿ ಬಂದರು. ಅಜ್ಜಿಯ ಜೊತೆ ಅವರ ಮಡಿಯೂ ಬಂತು.

ಮಡಿ ಎಂದರೆ, ಬೆಳಿಗ್ಗೆ ಸ್ನಾನ ಮಾಡಿ ಮಡಿ ಸೀರೆ ಉಟ್ಟ ಮೇಲೆ, ಪೂಜೆ ಮುಗಿದು ಊಟ ಆಗುವವರೆಗೆ ಅಜ್ಜಿಯನ್ನು ಯಾರೂ ಮುಟ್ಟುವ ಹಾಗಿಲ್ಲ. ಅವರ ಸೀರೆ ಟೆರೇಸಿನಲ್ಲಿ ಎತ್ತರದ ಗಳದ ಮೇಲೆ ಒಣಗುತ್ತಿತ್ತು. ಅದನ್ನೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮತ್ತೆ ಸ್ನಾನ. ಲಾರಿ ನೀರನ್ನು ಕೊಡದಲ್ಲಿ ಹಿಡಿದಿಡುವ ಊರಿನಲ್ಲಿ ಇನ್ನೊಂದು ಬಕೆಟ್ ನೀರು ಎಲ್ಲಿಂದ ತರುವುದು? ಅಜ್ಜಿಗೆ ಮೊಣಕಾಲು ನೋವು ಬೇರೆ.

"ಅನೂ! ನಿನ್ನ ನಾಯಿ ಬಂತು ಕಣೇ, ನನ್ನ ಮಡಿಯೆಲ್ಲ ಹೋಗತ್ತೆ! ಕರಿಯೇ ಅದನ್ನ!"

ಅಜ್ಜಿ ಹೀಗೆ ಕೂಗಿದ ಕೂಡಲೇ ಅನು, "ಬೋಂಡ, ಬಾ!" ಎನ್ನುತ್ತಿದ್ದಳು. ಬೋಂಡ ಬಂದರೆ ಕೊರಳಿಗೆ ಚೈನು ಸಿಕ್ಕಿಸಿ ಟೆರೇಸಿನ ಗ್ರಿಲ್ಲಿಗೆ ಕಟ್ಟುತ್ತಿದ್ದಳು. ಬೆಳಿಗ್ಗೆ ಪೂಜೆಗೆ ಒಂದು ಸಲ, ಸಂಜೆ ದೀಪ ಹಚ್ಚುವಾಗ ಒಂದು ಸಲ. ಸ್ಕೂಲ್ ವ್ಯಾನಿನ ಹಾರ್ನ್ ಕೇಳಿದಾಗಲೂ "ಬಾ" ಎಂದು ಕರೆದು ಕಟ್ಟಿಯೇ ಹೋಗಬೇಕಿತ್ತು. ಭಾನುವಾರ "ಬಾ" ಎಂದರೆ ಸೋಪು, ಬಕೆಟ್ಟು, ಕಣ್ಣಿಗೆ ನೊರೆ.

ಅಜ್ಜಿಗೆ ಬೋಂಡನ ಮೇಲೆ ದ್ವೇಷವೇನೂ ಇರಲಿಲ್ಲ. ತಮ್ಮ ಊಟ ಮುಗಿದ ಮೇಲೆ ಮೊಸರನ್ನದ ಒಂದು ಉಂಡೆ ಕಟ್ಟಿ, ದೂರ ನಿಂತು, ಅದರ ತಟ್ಟೆಗೆ ಮೇಲಿನಿಂದ ಬೀಳಿಸುತ್ತಿದ್ದರು. "ತಿನ್ನಪ್ಪಾ, ತಿನ್ನು. ನನ್ನ ಮಾತ್ರ ಮುಟ್ಟಬೇಡ" ಎನ್ನುತ್ತಿದ್ದರು.

ಸೋಮವಾರ ಸಂಜೆ ಆಗಬಾರದ್ದು ಆಗಿಹೋಯಿತು.

ಗ್ಯಾಸ್ ಸಿಲಿಂಡರಿನವನು ಗೇಟು ತೆರೆದಿಟ್ಟಿದ್ದ. ಬೋಂಡ ಬೀದಿಗೆ ಓಡಿತು. ಅನು ಹಿಂದೆಯೇ ಓಡಿದಳು. ಅದು ರಸ್ತೆಯ ಅಂಚಿನಲ್ಲಿ ನಿಂತಿತ್ತು. "ಬೋಂಡ, ಬಾ!" ಎಂದು ಅನು ಕಿರುಚಿದಳು. ಬೋಂಡ ತಿರುಗಿ ಅವಳನ್ನು ನೋಡಿತು. ಕಿವಿ ಹಿಂದಕ್ಕೆ ಮಡಚಿತು. ಆಮೇಲೆ ಅವಳಿಂದ ದೂರಕ್ಕೆ, ನೇರವಾಗಿ ರಸ್ತೆಯ ನಡುವಿಗೆ ನುಗ್ಗಿತು.

ಆಗಲೇ ಮೊಪೆಡ್ಡಿನಲ್ಲಿ ಮನೆಗೆ ಬರುತ್ತಿದ್ದವರು ಹೌಸ್ ಓನರ್ ಮಾಮ. ನಾಯಿಯನ್ನು ತಪ್ಪಿಸಲು ಹೋಗಿ ಮೊಪೆಡ್ ಸಮೇತ ಬಿದ್ದರು. ತರಕಾರಿ ಚೀಲದ ಟೊಮೇಟೋಗಳೆಲ್ಲ ರಸ್ತೆಯಲ್ಲಿ ಉರುಳಿದವು. ಮಾಮ ಎದ್ದು ಕೂತರು, ಆದರೆ ಅವರ ಬಲಗೈ ಒಂದು ಥರಾ ಜೋತು ಬಿದ್ದಿತ್ತು.

ಕತ್ತಲಾಗುವ ಹೊತ್ತಿಗೆ ಮಾಮ ಆಸ್ಪತ್ರೆಯಿಂದ ಬಂದರು, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು. ಅಪ್ಪ ಕೆಳಗೆ ಹೋಗಿ ತುಂಬ ಹೊತ್ತು ಮಾತಾಡಿ ಬಂದರು. ಬಂದವರು ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಯ ಮೇಲೆ ಕೂತುಬಿಟ್ಟರು.

"ಭಾನುವಾರ ಬೋಂಡನ್ನ ಫ್ಯಾಕ್ಟರಿಗೇ ಬಿಟ್ಟು ಬರ್ತೀನಿ ಮಗಳೇ. ವಾಚ್‌ಮನ್‌ಗೆ ಹೇಳಿದೀನಿ, ಊಟ ಹಾಕ್ತಾನಂತೆ."

"ಅಪ್ಪಾ, ಪ್ಲೀಸ್! ಭಾನುವಾರದೊಳಗೆ ಕಲಿಸ್ತೀನಿ. ಕರೆದ್ರೆ ಬರೋ ಹಾಗೆ ಮಾಡ್ತೀನಿ. ಪ್ರಾಮಿಸ್!"

"ನೋಡೋಣ" ಎಂದರು ಅಪ್ಪ. ದೊಡ್ಡವರು 'ನೋಡೋಣ' ಎಂದರೆ ಏನರ್ಥ ಎಂದು ಅನುವಿಗೆ ಗೊತ್ತಿತ್ತು. ಆದರೂ ಅವಳು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಮಂಗಳವಾರ ಸ್ಕೂಲಿನಿಂದ ಬಂದವಳೇ ಯೂನಿಫಾರಂ ಕೂಡ ಬದಲಿಸದೆ ಟೆರೇಸಿಗೆ ಹೋದಳು. "ಬಾ, ಬಾ, ಬಾ!" ಕೂಗಿ ಕೂಗಿ ಗಂಟಲು ಕಟ್ಟಿತು. ಬೋಂಡ ಟ್ಯಾಂಕಿನ ಹಿಂದಿನಿಂದ ಮೂತಿ ಕೂಡ ತೋರಿಸಲಿಲ್ಲ. ಬುಧವಾರ ಅವಳ ತಾಳ್ಮೆಯೆಲ್ಲ ಮುಗಿದುಹೋಯಿತು. ಹಿಂದಿನಿಂದ ಹೋಗಿ ಬೋಂಡನ ಕೊರಳಪಟ್ಟಿ ಹಿಡಿದು, ಬಾಗಿಲವರೆಗೆ ದರದರ ಎಳೆದು ತಂದಳು.

"ಬಾ ಅಂದ್ರೆ ಬರಲ್ವಾ? ನಿನ್ನ ಓಡಿಸಿಬಿಡ್ತಾರೆ ಕಣೋ! ಗೊತ್ತಾಗಲ್ವಾ ನಿಂಗೆ?"

ಎಂದು ಸ್ಕೇಲಿನಿಂದ ಬೆನ್ನಿನ ಮೇಲೆ ಫಟ್ ಎಂದು ಒಂದು ಕೊಟ್ಟಳು. ಬೋಂಡ ಕುಂಯ್ ಎನ್ನಲಿಲ್ಲ. ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ, ಕಣ್ಣು ಬೇರೆ ಕಡೆ ತಿರುಗಿಸಿ, ಸುಮ್ಮನೆ ನಡುಗಿತು. ಅನು ಸ್ಕೇಲು ಎಸೆದು ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಬೋಂಡ ಅವಳ ಹತ್ತಿರ ಬರಲಿಲ್ಲ. ಮರಿಯಾಗಿದ್ದಾಗ ಅವಳು ಅತ್ತರೆ ಬಂದು ಕೆನ್ನೆ ನೆಕ್ಕುತ್ತಿತ್ತು.

ಗುರುವಾರ ಅವಳು ಟೆರೇಸಿಗೇ ಹೋಗಲಿಲ್ಲ. ರೂಮಿನಲ್ಲಿ ಮಂಚದ ಮೇಲೆ ಮಂಕಾಗಿ ಕೂತಿದ್ದಳು. ಆಗ ಹಾಲ್‌ನಿಂದ ಅಮ್ಮನ ದನಿ ಕೇಳಿಸಿತು.

"ಅನೂ... ಬಾ ಇಲ್ಲಿ."

ಅಮ್ಮ ಕೂಗಿರಲಿಲ್ಲ. ಮೆಲ್ಲಗೇ ಕರೆದಿದ್ದರು. ಆದರೆ ಆ 'ಬಾ ಇಲ್ಲಿ' ಯಾವುದು ಎಂದು ಅನುವಿಗೆ ಕೂಡಲೇ ತಿಳಿಯಿತು. ಬ್ಯಾಗಿನ ತಳದಲ್ಲಿ ಬಚ್ಚಿಟ್ಟಿದ್ದ ಮ್ಯಾಥ್ಸ್ ಟೆಸ್ಟ್ ಪೇಪರ್ ಅಮ್ಮನಿಗೆ ಸಿಕ್ಕಿರಬೇಕು. ತಮಿಳು ಟೆಸ್ಟಿನಲ್ಲಿ ಮಾರ್ಕ್ಸ್ ಹೋದಾಗಲೂ ಅಮ್ಮ ಹೀಗೇ ಕರೆದಿದ್ದರು. ವಾಟರ್ ಬಾಟಲ್ ಕಳೆದು ಬಂದಾಗಲೂ ಹೀಗೇ.

ಅನು ಎದ್ದಳು. ಎದ್ದವಳು ಬಾಗಿಲ ಕಡೆಗೆ ಹೋಗಲಿಲ್ಲ. ಬೀರುವಿನ ಹಿಂದಿನ ಸಂದಿಗೆ ಹೋಗಿ ಗೋಡೆಗೆ ಒತ್ತಿ ನಿಂತಳು.

"ಅನೂ, ಕರೀತಿದೀನಲ್ಲ, ಕೇಳಿಸಲ್ವೇನೇ? ಬಾ!"

ಚೆನ್ನಾಗಿ ಕೇಳಿಸಿತ್ತು. ಅರ್ಥವೂ ಆಗಿತ್ತು. ಆದರೆ ಕಾಲೇ ಮುಂದಕ್ಕೆ ಬರಲಿಲ್ಲ. ಭುಜ ಮೇಲಕ್ಕೆ ಹೋಗಿ ಕುತ್ತಿಗೆ ಒಳಕ್ಕೆ ಸೇರಿತ್ತು. ಅವಳು ಆ ಸಂದಿಯಲ್ಲಿ ನಿಂತೇ ಟ್ಯಾಂಕಿನ ಹಿಂದೆ ಕಿವಿ ಮಡಚಿ ಕೂತಿರುವ ಬೋಂಡನನ್ನು ನೆನೆದಳು.

"ಅಯ್ಯೋ" ಎಂದಳು ಅನು, ತನಗೇ ಕೇಳುವಷ್ಟು ಮೆಲ್ಲಗೆ.

ಅಮ್ಮ ಬೈದದ್ದು ಅವತ್ತು ಅವಳ ಕಿವಿಗೇ ಬೀಳಲಿಲ್ಲ. ಬೈಗುಳ ಮುಗಿದ ಕೂಡಲೇ ಬಿಸ್ಕತ್ತಿನ ಪ್ಯಾಕೆಟ್ ಹಿಡಿದು ಟೆರೇಸಿಗೆ ಹೋದಳು. ಚೈನನ್ನು ಕೆಳಗೇ ಬಿಟ್ಟಳು. ಟ್ಯಾಂಕಿನಿಂದ ದೂರದಲ್ಲಿ, ಬೋಂಡನಿಗೆ ಬೆನ್ನು ಹಾಕಿ, ಅಂಗೈ ಮೇಲೆ ಬಿಸ್ಕತ್ತು ಇಟ್ಟುಕೊಂಡು ಕೂತಳು. ಏನೂ ಮಾತಾಡಲಿಲ್ಲ. ಕೈ ನೋಯತೊಡಗಿತು. ಸೊಳ್ಳೆ ಕಚ್ಚಿತು. ಎಷ್ಟೋ ಹೊತ್ತಾದ ಮೇಲೆ ಅಂಗೈಗೆ ಒದ್ದೆ ಮೂಗು ತಗುಲಿತು. ಬಿಸ್ಕತ್ತು ಮಾಯವಾಯಿತು. ಅನು ತಿರುಗಲೂ ಇಲ್ಲ, ಕೊರಳಪಟ್ಟಿಗೆ ಕೈ ಹಾಕಲೂ ಇಲ್ಲ.

ಶುಕ್ರವಾರ ಬೆಳಿಗ್ಗೆ ಅಜ್ಜಿ ಎಂದಿನಂತೆ ಕೂಗಿದರು. "ಅನೂ! ನಾಯಿ ಕಣೇ!"

ಅನು ಕರೆಯಲಿಲ್ಲ. ತಾನೇ ಬೋಂಡನ ಹತ್ತಿರ ಹೋಗಿ, ತಲೆ ಸವರಿ, ಎತ್ತಿಕೊಂಡು ಗ್ರಿಲ್ಲಿನ ಕಡೆ ನಡೆದಳು.

"ಅದನ್ನ ಯಾಕೆ ಹೊರ್ತೀಯೇ? ಕರೆದಿದ್ರೆ ಆಗ್ತಿರ್ಲಿಲ್ವಾ?" ಎಂದರು ಅಜ್ಜಿ.

"ಇಲ್ಲ ಅಜ್ಜಿ. ಕಟ್ಟೋಕೆ ಕರೀಬಾರ್ದು" ಎಂದಳು ಅನು.

ಸಂಜೆ ಮತ್ತೆ ಟೆರೇಸಿನಲ್ಲಿ ಕೂತಳು. ಬೋಂಡ ತಾನಾಗಿಯೇ ಹೊರಟು ಅವಳ ಕಡೆ ಬರುವಾಗ ಮಾತ್ರ, ಬಾಯೊಳಗೇ ಎಂಬಂತೆ, "ಬಾ" ಎಂದಳು. ಬಿಸ್ಕತ್ತು ಕೊಟ್ಟಳು. ಹೋಗಲು ಬಿಟ್ಟಳು. ಮತ್ತೆ ಕೂತಳು. ಶನಿವಾರ ರಜೆ. ಹೋಂವರ್ಕ್ ಬಿಟ್ಟು, ಕೇಬಲ್ ಟೀವಿ ಬಿಟ್ಟು, ಬಿಸಿಲಿನಲ್ಲೇ ಕೂತಳು. ಸಂಜೆಯ ಹೊತ್ತಿಗೆ ಒಂದು ಸಲ ಬೋಂಡ ಟೆರೇಸಿನ ಆ ತುದಿಯಲ್ಲಿತ್ತು. ಅನು "ಬಾ" ಎಂದಳು. ಬೋಂಡ ನಿಂತು ಯೋಚಿಸಿತು. ಆಮೇಲೆ ಬಂತು. ಓಡಿ ಬರಲಿಲ್ಲ, ನಡೆದು ಬಂತು. ಬಂದು ಅವಳ ಮಡಿಲಿಗೆ ತಲೆ ಇಟ್ಟಿತು.

ಭಾನುವಾರ ಬೆಳಿಗ್ಗೆ ಅನು ಎಲ್ಲರನ್ನೂ ಟೆರೇಸಿಗೆ ಎಳೆದು ತಂದಳು. ಅಪ್ಪ, ಅಮ್ಮ, ಹೌಸ್ ಓನರ್ ಮಾಮಿ, ಕೈಯನ್ನು ಕೊರಳಿಗೆ ತೂಗುಹಾಕಿಕೊಂಡಿದ್ದ ಮಾಮ. ಮಡಿಯುಟ್ಟ ಅಜ್ಜಿ ಮಾತ್ರ ಬಾಗಿಲ ಆಚೆಗೇ ನಿಂತರು.

"ಬೋಂಡ, ಬಾ" ಎಂದಳು ಅನು.

ಬೋಂಡ ಬಂತು. ಇವತ್ತು ಓಡಿಯೇ ಬಂತು, ಮರಿಯಾಗಿದ್ದಾಗ ಬರುತ್ತಿದ್ದ ಹಾಗೆ.

ಮಾಮಿಯ ಮುಖ ಸ್ವಲ್ಪ ಮೆತ್ತಗಾಯಿತು. "ನಲ್ಲ ನಾಯಿ ದಾನ್" ಎಂದರು. ಒಳ್ಳೆಯ ನಾಯಿಯೇ. ಆಮೇಲೆ ಮಾಮನ ಪ್ಲಾಸ್ಟರ್ ನೋಡಿದರು. "ಆನಾ ವೇಂಡಾಮ್ಮಾ," ಆದರೆ ಬೇಡಮ್ಮ, ಎಂದು ಅನುವಿನ ತಲೆ ಸವರಿ, ಮಾಮನ ಎಡಗೈ ಹಿಡಿದು ಮೆಟ್ಟಿಲು ಇಳಿದು ಹೋದರು.

"ಅಪ್ಪಾ, ಕಲಿತುಬಿಡ್ತಲ್ಲ! ನೋಡಿದ್ರಲ್ಲ ನೀವೇ!"

ಅಪ್ಪ ಅವಳ ಮುಖ ನೋಡಲಿಲ್ಲ. "ಮಾತು ಕೊಟ್ಟಾಗಿದೆ ಮಗಳೇ. ಅವರ ಮನೇಲಿ ಇದೀವಿ ನಾವು" ಎಂದರು. "ಆಟೋ ಬಂದಿದೆ. ಬೋಂಡನ್ನ ಕೆಳಗೆ ಕರಿ."

ಅನು ಅಲುಗಾಡಲಿಲ್ಲ.

"ಕರಿಯೇ ಅನು. ನೀನು ಕರೆದ್ರೆ ಬರತ್ತೆ ಈಗ."

"ಅದಕ್ಕೇ ಕರಿಯಲ್ಲಪ್ಪ" ಎಂದಳು ಅನು.

ಅವಳೇ ಬೋಂಡನನ್ನು ಎತ್ತಿಕೊಂಡಳು. ಅದು ಈಗ ಮರಿಯಲ್ಲ, ಬಲು ಭಾರ. ಹಿಂಗಾಲುಗಳು ಅವಳ ಮೊಣಕಾಲಿಗೆ ಬಡಿಯುತ್ತಿದ್ದವು. ಅಜ್ಜಿ ಎಂದಿನಂತೆ ಸೀರೆಯ ನೆರಿಗೆ ಒಟ್ಟು ಹಿಡಿದು ಗೋಡೆಗೆ ಸರಿದು ದಾರಿ ಬಿಟ್ಟರು. ಅವರ ಇನ್ನೊಂದು ಕೈಯಲ್ಲಿ ಬಾಳೆಲೆಯ ಪೊಟ್ಟಣವಿತ್ತು. ಅವರ ಊಟ ಇನ್ನೂ ಆಗಿರಲಿಲ್ಲ, ಆದರೂ ಮೊಸರನ್ನ ಕಲಸಿದ್ದರು. "ಅಲ್ಲಿ ಹಾಕ್ಬಿಡಪ್ಪಾ ಸುರೇಶ" ಎಂದು ಅದನ್ನು ಮೇಲಿನಿಂದಲೇ ಅಪ್ಪನ ಕೈಗೆ ಬೀಳಿಸಿದರು.

ಅನು ಬೋಂಡನನ್ನು ಆಟೋದೊಳಗೆ ಇಳಿಸಿದಳು. ಅಪ್ಪ ಚೈನು ಸಿಕ್ಕಿಸಲು ಹೊರಟರು. ಬೋಂಡ ತಲೆ ಅತ್ತಿತ್ತ ಆಡಿಸಿದ್ದರಿಂದ ಕೊಂಡಿ ಕೂರಲಿಲ್ಲ.

"ಅಪ್ಪಾ, ವಾಚ್‌ಮನ್‌ಗೆ ಹೇಳಿ. ಕರೆದು ಕಟ್ಟಬಾರ್ದು ಅಂತ. ಹತ್ರ ಹೋಗಿ ಕಟ್ಟಬೇಕು ಅಂತ."

"ಹೇಳ್ತೀನಮ್ಮ."

"ಮರೀಬೇಡಿ ಅಪ್ಪಾ."

ಆಟೋ ಗುಡುಗುಟ್ಟಿ ಹೊರಟಿತು. ಬೋಂಡ ಸೀಟಿನ ಅಂಚಿಗೆ ಬಂದು, ಮುಂಗಾಲು ಮುಂದಿಟ್ಟು, ಅವಳನ್ನೇ ನೋಡುತ್ತ ನಿಂತಿತು. ಅದರ ಕಿವಿ ನೆಟ್ಟಗಿತ್ತು. ಅದು ಏನನ್ನು ಕಾಯುತ್ತಿದೆ ಎಂದು ಅನುವಿಗೆ ಗೊತ್ತಿತ್ತು. ಒಂದು ಸಲ, ಒಂದೇ ಒಂದು ಸಲ ಅವಳು ಕರೆದರೆ, ಅದು ಹಾರಿ ಬಂದೇ ಬಿಡುತ್ತಿತ್ತು.

ಅನುವಿನ ತುಟಿ ತೆರೆಯಿತು. ಅವಳು ಎರಡೂ ಕೈಯಿಂದ ಬಾಯನ್ನು ಒತ್ತಿ ಹಿಡಿದುಕೊಂಡಳು. ಆಟೋ ಬೀದಿಯ ತಿರುವು ದಾಟುವವರೆಗೂ ಹಾಗೆಯೇ ನಿಂತಿದ್ದಳು. ಅಂಗೈಯಲ್ಲಿ ಇನ್ನೂ ಬಿಸ್ಕತ್ತಿನ ವಾಸನೆಯಿತ್ತು.