ನೀರು ಒಪ್ಪಿದ ಬಣ್ಣ

ಬಹಳ ಹಿಂದೆ, ಏಳು ಕೆರೆ ದಾಟಿದರೆ ಸಿಗುವ ಪನ್ನೀರಪುರ ಅನ್ನೋ ರಾಜ್ಯದಲ್ಲಿ ಸಿರಿಯಬ್ಬೆ ಅಂತ ಒಬ್ಬಳಿದ್ದಳು. ಮುಖಕ್ಕೆ ಹಚ್ಚುವ ಪನ್ನೀರು ಮಾಡುವುದು ಅವಳ ಕೆಲಸ. ಗುಲಾಬಿ ಎಸಳು, ಲಾವಂಚದ ಬೇರು, ಕಟ್ಟಕಡೆಗೆ ನಿಂಬೆರಸ. ನಿಂಬೆ ಹಿಂಡದೆ ಅವಳು ಗಡಿಗೆ ಮುಚ್ಚಿದವಳೇ ಅಲ್ಲ.

ಆ ಊರಿನ ಕೆರೆ ಏರಿಗೆ ಬೆಳ್ಗಣ್ಣ ಅನ್ನೋ ಮಾಂತ್ರಿಕ ಬಂದು ಕೂತ. ಪುಣ್ಯಾತ್ಮನಿಗೆ ಅನ್ನ ಬೇಡ, ಬಣ್ಣವೇ ಊಟ. ಬಣ್ಣದ ಹೆಸರು ಕೂಗಿ ನಾಲಿಗೆ ಚಾಚಿದರೆ ಸಾಕು, ಅದು ಅವನ ಹೊಟ್ಟೆಗೆ. ಹೆಸರು ತಪ್ಪಿದರೆ ಮಾತ್ರ ತಿಂದದ್ದೆಲ್ಲ ಕಕ್ಕಬೇಕು. ಆದರೆ ಅವನು ಒಮ್ಮೆಯೂ ತಪ್ಪಿರಲಿಲ್ಲ. ಒಂದು ಬೆಳಿಗ್ಗೆ ಸಿರಿಯಬ್ಬೆಯ ತಂಗಿ ನಾಗಲೆ ಮುಖ ತೊಳೆಯಲು ಬಂದಾಗ "ಎಳ್ಳುಗಪ್ಪು" ಅಂದುಬಿಟ್ಟ. ಹುಡುಗಿಯ ಮೈಬಣ್ಣ ಹೋಗಿ, ಅವಳ ಆಚೆಗಿನ ಮರ ಕಾಣತೊಡಗಿತು. ಸಂಜೆಯೊಳಗೆ ಅವಳು ಪೂರ್ತಿ ನೀರಾಗಿ ಕೆರೆ ಸೇರುವವಳಿದ್ದಳು.

ಸಿರಿಯಬ್ಬೆ ಅವನ ಕಾಲಿಗೆ ಬಿದ್ದು ಅತ್ತಳು. "ನನ್ನ ನಾಲಿಗೆಗೆ ಸಿಗದ ಬಣ್ಣವನ್ನು ನಿನ್ನ ಪನ್ನೀರಿಗೆ ಹಾಕಿ ತಾ, ತಂಗಿಯನ್ನು ಬಿಡುತ್ತೇನೆ, ಮೂರೇ ಸಲ," ಅಂದ ಅವನು.

ಮೊದಲ ಸಲ ಅವಳು ಅರಿಶಿನದ ಪುಡಿ ಹಾಕಿದಳು. ಪುಡಿ ತಳ ಸೇರಿತು. "ಹಳದಿ" ಅಂದ, ತಳದಿಂದ ನೆಕ್ಕಿದ. ನಾಗಲೆಯ ಪಾದ ನೀರಾಯಿತು.

ಎರಡನೇ ಸಲ ಕೆಂಪು ಬೇರನ್ನು ಎಣ್ಣೆಯಲ್ಲಿ ಕಾಯಿಸಿ ಹಾಕಿದಳು. ಎಣ್ಣೆ ಮೇಲೇ ತೇಲಿತು. "ಕೆಂಪು" ಅಂದ, ಮೇಲಿಂದ ನೆಕ್ಕಿದ. ನಾಗಲೆ ಕುತ್ತಿಗೆವರೆಗೆ ನೀರಾದಳು. ಅಯ್ಯೋ, ಆ ಅಕ್ಕನ ಸಂಕಟ ಕೇಳಬೇಡಿ.

ಆಗ ನಾಗಲೆ ಮೆಲ್ಲಗೆ ಹೇಳಿದಳು: "ಅಕ್ಕಾ, ಇಷ್ಟು ನೀರಾದ ಮೇಲೆ ನಂಗೆ ಗೊತ್ತಾಯ್ತು. ನೀರಿಗೆ ಪುಡಿ ಭಾರ, ಎಣ್ಣೆ ಆಗಲ್ಲ. ತಾನಾಗಿ ಬಣ್ಣ ಬಿಡೋ ಹೂ ಹಾಕು."

ಸಿರಿಯಬ್ಬೆ ಬೇಲಿಯ ಶಂಖಪುಷ್ಪ ಕಿತ್ತು, ಬೆಚ್ಚಗಿನ ನೀರಲ್ಲಿ ನೆನೆಸಿ, ಸೋಸಿ ಪನ್ನೀರಿಗೆ ಬೆರೆಸಿದಳು. ಗಡಿಗೆ ತುಂಬ ನೀಲಿ, ಕನಸಿನಲ್ಲಿ ಕಂಡ ಆಕಾಶದ ಹಾಗೆ. ಗಡಿಬಿಡಿಯಲ್ಲಿ ನಿಂಬೆ ಮರೆತಿದ್ದಳು. ಮಾಂತ್ರಿಕ ಬಾಯಿ ತೆರೆಯುವಾಗ ನೆನಪಾಗಿ, ಕೈ ಅಭ್ಯಾಸಕ್ಕೆ ಚಕ್ಕನೆ ಹಿಂಡಿದಳು.

"ನೀಲಿ" ಅಂದ ಬೆಳ್ಗಣ್ಣ.

ಹುಳಿ ತಗುಲಿದ ಗಡಿಗೆಯಲ್ಲಿ ನೀಲಿ ಇರಲಿಲ್ಲ, ನೇರಳೆಯಿತ್ತು. ತಡವರಿಸಿ "ನೇರಳೆ" ಅನ್ನುವಷ್ಟರಲ್ಲಿ ಅದು ಗುಲಾಬಿಗೆ ತಿರುಗಿತ್ತು. ಅವನ ನಾಲಿಗೆ ತೊಡರಿತು, ತಿಂದ ಬಣ್ಣವೆಲ್ಲ ಹೊರಗೆ ಬಂತು. ಗಿಳಿಗಳು ಮತ್ತೆ ಹಸಿರಾದವು, ಸೀರೆಗಳಿಗೆ ಅಂಚಿನ ಬಣ್ಣ ಮರಳಿತು. ಬಣ್ಣವೇ ಉಳಿಯದ ಮಾಂತ್ರಿಕ ತಾನೇ ನೀರಾಗಿ ಇಳಿದುಹೋದ. ನಾಗಲೆ ತನ್ನ ಎಳ್ಳುಗಪ್ಪು ಕೈಗಳಿಂದ ಅಕ್ಕನನ್ನು ತಬ್ಬಿಕೊಂಡಳು.

ಅಲ್ಲಿಂದ ಊರಿಗೂರೇ ನೆಮ್ಮದಿಯಾಗಿ ಮುಖ ತೊಳೆದುಕೊಂಡು ಬಾಳಿತು. ಸಿರಿಯಬ್ಬೆ ಮಾತ್ರ ಪನ್ನೀರಿಗೆ ಬಣ್ಣ ಹಾಕುವ ಮೊದಲು ತಂಗಿಯನ್ನು ಕರೆಯುತ್ತಿದ್ದಳು. ನಾಗಲೆ ಬೆರಳು ಅದ್ದಿ, ಕಣ್ಣು ಮುಚ್ಚಿ, "ಹೂಂ, ನೀರು ಒಪ್ಪಿದೆ ಅಕ್ಕಾ" ಅಂದರೇನೇ ಗಡಿಗೆ ಹೊರಗೆ ಹೋಗುತ್ತಿತ್ತು.