ತಪ್ಪು ನಂಬರ್ ಏಳು

"ತಪ್ಪು ನಂಬರ್ ಐದು," ಎನ್ನುತ್ತ ಮಂದಾಕಿನಿ ಹಿಂದಿ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದುಕೊಂಡಳು. ಟಿವಿಯಲ್ಲಿ ಜಪಾನಿನ ಕರಡಿ ಕಾರ್ಟೂನು ನಡೆದಿತ್ತು. ಅಪ್ಪಕರಡಿ ಅನ್ನ ಸೀಯಿಸಿ, ಪಾತ್ರೆ ತಲೆಗೆ ಸಿಕ್ಕಿಕೊಂಡು ಮನೆ ತುಂಬ ಓಡುತ್ತಿತ್ತು.

ಮಂದಾ ಐದು ವರ್ಷದವಳಿದ್ದಾಗಲೂ ಇದೇ ಕಾರ್ಟೂನು ದಿನಾ ಸಂಜೆ ಬರುತ್ತಿತ್ತು. ಮಾತೆಲ್ಲ ಹಿಂದಿ. ಅವಳಿಗೋ ಹಿಂದಿಯ ಗಂಧಗಾಳಿ ಇರಲಿಲ್ಲ. ಏಳನೇ ಕ್ಲಾಸಿನಲ್ಲಿದ್ದ ಅಕ್ಕ ವಿದ್ಯಾ, ಗೋಪನಕೊಪ್ಪದಲ್ಲಿ ತಮ್ಮ ಪಕ್ಕದ ಮನೆಯ ರಾಜಬಿ ಚಾಚಿಯ ಅಂಗಳದಲ್ಲಿ ಆಡಿ ಆಡಿ ಹಿಂದಿ ಕಲಿತಿದ್ದಳು. ಅವಳೇ ಪಕ್ಕದಲ್ಲಿ ಕೂತು ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದಳು. ಮಂದಾ ಬಾಯಿ ತೆರೆದು ಕೇಳುತ್ತಿದ್ದಳು.

ಈಗ ಆರು ವರ್ಷದ ಮೇಲೆ, ಬೇಸಿಗೆ ಸೂಟಿಯಲ್ಲಿ, ಅದೇ ಕಾರ್ಟೂನು ಮತ್ತೆ ಶುರುವಾಗಿತ್ತು. ಮಂದಾಗೆ ಹಿಂದಿಯಲ್ಲಿ ತೊಂಬತ್ತೆರಡು ಮಾರ್ಕ್ಸು ಬಂದಿತ್ತು. ಕಿವಿಗೊಟ್ಟು ಕೇಳಿದರೆ, ಅಕ್ಕ ಹೇಳಿದ್ದಕ್ಕೂ ಕರಡಿಗಳು ಆಡುವ ಮಾತಿಗೂ ಸಂಬಂಧವೇ ಇಲ್ಲ. ಅಪ್ಪಕರಡಿ ಕೆಲಸಕ್ಕೆ ಹೋಗುತ್ತೇನೆ ಅಂದರೆ, ಮಿರ್ಚಿಭಜಿ ತರಲು ಹೊರಟಿದೆ ಎಂದು ಅಕ್ಕ ಹೇಳಿಬಿಟ್ಟಿದ್ದಳು.

ಟೈಪಿಂಗ್ ಕ್ಲಾಸಿಗೆ ಹೊರಟಿದ್ದ ವಿದ್ಯಾಳನ್ನು ಮಂದಾ ಬಾಗಿಲಲ್ಲೇ ತಡೆದಳು. "ದೊಡ್ಡ ಹಿಂದಿ ಪಂಡಿತಳು ನೀ. ರವಿವಾರ ಊಟಕ್ಕ ಕೂತಾಗ ನಿನ್ನ ತಪ್ಪೆಲ್ಲಾ ಓದತೇನಿ, ನೋಡ್ತಿರು."

"ಓದವಾ, ಓದು. ನಾನೂ ಕೇಳತೇನಿ," ಎಂದು ವಿದ್ಯಾ ಚಪ್ಪಲಿ ಮೆಟ್ಟಿಕೊಂಡು ನಡೆದಳು.

ಶನಿವಾರ ಮಂದಾಗೆ ದೊಡ್ಡ ತಪ್ಪೇ ಸಿಕ್ಕಿತು. ಈ ಕಾರ್ಟೂನಿನಲ್ಲಿ ಅವ್ವಕರಡಿ ಕಾಣಿಸುವುದೇ ಇಲ್ಲ. ಅದು ಸಂಡಿಗೆ ಮಾಡಲು ನವಲಗುಂದದ ಅಜ್ಜಿಯ ಮನೆಗೆ ಹೋಗಿದೆ ಎಂದು ಅಕ್ಕ ಹೇಳಿದ್ದಳು. ಅಸಲಿಗೆ ಅವ್ವಕರಡಿ ಆಸ್ಪತ್ರೆಯಲ್ಲಿತ್ತು. ಜಪಾನಿನ ಕರಡಿಗೆ ನವಲಗುಂದದಲ್ಲಿ ಅಜ್ಜಿ! ಮಂದಾ ನಗು ತಡೆಯಲಾರದೆ ಏಳನೇ ನಂಬರು ಹಾಕಿ ಬರೆದಳು.

ಅಷ್ಟರಲ್ಲಿ ಕರಡಿಮರಿ ಅಪ್ಪನನ್ನು ಕೇಳಿತು, ಅವ್ವ ಮನೆಗೆ ಬರುತ್ತಾಳಲ್ಲ ಎಂದು. ಅಪ್ಪಕರಡಿ ಒಲೆ ಬಿಟ್ಟು ಬಂದು ಮರಿಯ ಪಕ್ಕ ಕೂತಿತು. ಆಮೇಲೆ, ಗೊತ್ತಿಲ್ಲ ಮಗು ಎಂದಿತು. ಅಷ್ಟು ಹೊತ್ತಿಗೆ ಒಲೆಯ ಮೇಲಿನ ಅನ್ನ ಸೀದು ಹೊಗೆ ಎದ್ದಿತು. ಮರಿಯ ಕಣ್ಣು ತುಂಬಿದ್ದನ್ನು ನೋಡಿ ಅಪ್ಪಕರಡಿ ಆ ಪಾತ್ರೆಯನ್ನೆತ್ತಿ ತನ್ನ ತಲೆಗೆ ಹಾಕಿಕೊಂಡು ಓಡತೊಡಗಿತು. ಮರಿ ನಕ್ಕಿತು.

ಮಂದಾ ನಗಲಿಲ್ಲ. ಪಾತ್ರೆ ತಾನಾಗಿ ಸಿಕ್ಕಿಕೊಳ್ಳುತ್ತದೆ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ಮಂದಾ ಐದು ವರ್ಷದವಳಿದ್ದ ಆ ವರ್ಷ ಅವ್ವನೂ ಎರಡು ತಿಂಗಳು ಮನೆಯಲ್ಲಿರಲಿಲ್ಲ. ಸಂಡಿಗೆ ಮಾಡಲು ನವಲಗುಂದಕ್ಕೆ ಹೋಗಿದ್ದಾಳೆ ಎಂದು ವಿದ್ಯಾ ಹೇಳಿದ್ದಳು. ಅವ್ವನಿಗೆ ಆಪರೇಷನ್ ಆಗಿತ್ತೆಂದು ಮಂದಾಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಆಗ ಅವ್ವ ಆರಾಮಾಗಿ ರೊಟ್ಟಿ ಬಡಿಯುತ್ತಿದ್ದಳು, ಹಾಗಾಗಿ ಅದನ್ನು ಮನಸ್ಸಿಗೇ ಹಚ್ಚಿಕೊಂಡಿರಲಿಲ್ಲ.

ಇನ್ನೊಂದೂ ನೆನಪಾಯಿತು. ಆಗ ಕಾರ್ಟೂನಿನಲ್ಲಿ ಈ ಜಾಗ ಬಂದಾಗ ಅಕ್ಕ ಕತೆ ಅರ್ಧಕ್ಕೆ ಬಿಟ್ಟು ನೀರು ಕುಡಿಯಲು ಎದ್ದುಹೋಗಿದ್ದಳು. ಲಗೂ ಬಾ ಎಂದು ಮಂದಾ ಕಿರುಚಿ ರಂಪ ಮಾಡಿದ್ದಳು. ಕಣ್ಣೊರೆಸಿಕೊಳ್ಳುತ್ತ ಬಂದ ಅಕ್ಕ, ಕಣ್ಣಾಗ ಕಸ ಬಿತ್ತು ಎಂದಿದ್ದಳು. ಅಕ್ಕನಿಗೆ ಆಗ ಹನ್ನೆರಡೇ ವರ್ಷ. ಅಪ್ಪಕರಡಿಯ ಮಾತು ಅವಳಿಗೆ ಸರಿಯಾಗಿಯೇ ಅರ್ಥವಾಗಿತ್ತು. ಮಂದಾಗೆ ಅಕ್ಕನನ್ನು ಈಗಲೇ ಗಟ್ಟಿಯಾಗಿ ತಬ್ಬಿಕೊಳ್ಳಬೇಕೆನಿಸಿತು. ಆದರೆ ಅಕ್ಕ ಟೈಪಿಂಗ್ ಕ್ಲಾಸಿನಲ್ಲಿದ್ದಳು.

ರವಿವಾರ ಎಲ್ಲರೂ ಊಟಕ್ಕೆ ಕೂತರು. ಅವ್ವ ಸಂಡಿಗೆ ಕರಿದಿದ್ದಳು. ವಿದ್ಯಾಳೇ ಕೆಣಕಿದಳು, "ಎಲ್ಲೇತಿ ನಿನ್ನ ಪಟ್ಟಿ?"

ಮಂದಾ ನೋಟ್‌ಬುಕ್ ತಂದು ಒಂದೊಂದೇ ಓದಿದಳು. ಮಿರ್ಚಿಭಜಿಯ ಹತ್ತಿರ ಬಂದಾಗ ಅಪ್ಪನಿಗೆ ನಕ್ಕು ನಕ್ಕು ನೆತ್ತಿ ಹತ್ತಿತು. ಐದಾಯಿತು, ಆರಾಯಿತು. ಮಂದಾ ಏಳನೆಯದನ್ನು ಹಾರಿಸಿ, ಆಮೇಲೆ ಬರೆದ ಕೊನೆಯದಕ್ಕೆ ಬಂದು, "ಎಂಟು," ಎಂದಳು.

"ಏಳನೇದ ಎಲ್ಲಿ ಹೋತು?" ಎಂದ ಅಪ್ಪ.

"ಅದು ತಪ್ಪಲ್ಲಪಾ. ಅಕ್ಕ ಬೇಕಂತನ ಹಂಗ ಹೇಳಿದ್ಲು. ನನಗ ಗೊತ್ತಾಗಿದ್ದಿಲ್ಲ."

ವಿದ್ಯಾ ಕೈಚಾಚಿ ಆ ಪುಟವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಓದಿದಳು. ನಂತರ ನೀರು ಕುಡಿದು ಬರುತ್ತೇನೆ ಎಂದು ಎದ್ದು ಒಳಗೆ ಹೋದಳು. ಅವಳ ತಾಟಿನ ಪಕ್ಕದಲ್ಲೇ ನೀರು ತುಂಬಿದ ತಂಬಿಗೆ ಇತ್ತು.

ಈ ಸಲ ಮಂದಾ ಲಗೂ ಬಾ ಎಂದು ಕೂಗಲಿಲ್ಲ. ತನ್ನ ತಾಟಿನ ಎರಡು ಸಂಡಿಗೆ ತೆಗೆದು ಅಕ್ಕನ ತಾಟಿಗೆ ಹಾಕಿ, ಅವಳು ಬರುವವರೆಗೂ ಕಾದಳು.