ಚೌಕಕ್ಕೆ ಬಾರದ ಕಾವಲು

"ಅನುತ್ತೀರ್ಣ."

ಒಂದೇ ಒಂದು ಪದ! ತಲೆ ಎತ್ತಿ ಮುಖ ನೋಡುವ ಸೌಜನ್ಯವೂ ಇಲ್ಲದೆ ಅದನ್ನು ಬರೆದು, ಹಾಳೆಯನ್ನು ಮೇಜಿನ ಈಚೆಗೆ ತಳ್ಳಿದ ಆ ಪರೀಕ್ಷಕ.

ತೇಜಸ್ವಿನಿಗೆ ಮೈಯೆಲ್ಲ ಉರಿದುಹೋಯಿತು.

"ಇನ್ನೊಂದ್ ನಿಮಿಷ ಕೊಟ್ಟಿದ್ರೆ ಬರ್ತಿತ್ತು ಸಾರ್!"

"ಹತ್ತು ನಿಮಿಷ ಕೊಟ್ಟಿದ್ದೀನಿ."

"ನೀವು ಪೆನ್ ಹಿಡ್ಕೊಂಡು ಟಕ್ ಟಕ್ ಅನ್ನಿಸ್ತಾ ಕೂತಿದ್ರೆ ಯಾವ ಪ್ರಾಣಿ ಬರುತ್ತೆ ಹೇಳಿ? ಇಲಿನೂ ಬರಲ್ಲ!"

ಆಗ ಅವನು ತಲೆ ಎತ್ತಿದ. ಮೂವತ್ತರ ಆಸುಪಾಸು. ಸರಿಯಾಗಿ ನಿದ್ದೆ ಮಾಡದ ಕಣ್ಣು... ಆದರೆ ತುಟಿಯ ತುದಿಯಲ್ಲಿ ನಗು! ಅವಳ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನ ನಡುವೆಯೂ, ಈ ಮನುಷ್ಯ ಹೊಟ್ಟೆ ತುಂಬ ಊಟ ಮಾಡಿ ಎಷ್ಟು ದಿನವಾಯಿತೋ ಎಂಬ ಯೋಚನೆ ಯಾಕೆ ಬಂತೋ, ಅವಳಿಗೇ ತಿಳಿಯಲಿಲ್ಲ.

ಸಂಜಯನಗರದ ಆ ಕಟ್ಟಡದ ಕೆಳಗೆ ಜೆರಾಕ್ಸ್ ಅಂಗಡಿ, ಮೇಲೆ 'ಟೈಪಿಂಗ್ ಇನ್‌ಸ್ಟಿಟ್ಯೂಟ್' ಎಂಬ ಬೋರ್ಡು. ಅದು ಮಂತ್ರಮಂಡಳಿಯ ಪರೀಕ್ಷಾ ಕೊಠಡಿ ಎಂಬುದು ಕೈಗೆ ತಾಮ್ರದ ಕಡಗ ಹಾಕಿಕೊಂಡವರಿಗೆ ಮಾತ್ರ ಗೊತ್ತು. ಹಳೆಯ ಬಾವಿ, ಕೆರೆಗಳಲ್ಲಿ ಅಡಗಿ ಕೂತು ಮನುಷ್ಯರ ಉಸಿರು ಹಿಡಿಯುವ ಕೆಟ್ಟ ಗಾಳಿಯನ್ನು ಓಡಿಸುವುದು ಇವರ ಕೆಲಸ. ಅದಕ್ಕೆ ಕಾವಲುಮಂತ್ರ ಬರಬೇಕು. ಬೇಕಾದವರೊಬ್ಬರ ಬಗ್ಗೆ ಕಳವಳಪಟ್ಟು ಮಂತ್ರ ಹೇಳಿದರೆ, ನೆರಳಿಲ್ಲದ ಪ್ರಾಣಿಯೊಂದು ಬಂದು ಅವರನ್ನು ಕಾಯುತ್ತದೆ.

ಪರೀಕ್ಷೆಯ ಕ್ರಮವೂ ಸುಲಭ. ನೆಲದ ಮೇಲೆ ರಂಗೋಲಿ ಪುಡಿಯ ಚೌಕ. ಅದರೊಳಗೆ ಕಾಯಬೇಕಾದವರ ಒಂದು ವಸ್ತು. ಮಂತ್ರಕ್ಕೆ ಓಗೊಟ್ಟು ಪ್ರಾಣಿ ಆ ಚೌಕಕ್ಕೆ ಬರಬೇಕು. ಅರ್ಜಿಯಲ್ಲಿ ಅವರ ಹೆಸರು, ಸಂಬಂಧ. ಮನೆಯವರ ಹೆಸರನ್ನೇ ಬರೆಯಬೇಕೆಂಬುದು ನಿಯಮ. ತೇಜಸ್ವಿನಿ ಬರೆದದ್ದು ತನ್ನ ಅಜ್ಜಿ ದೊಡ್ಡಮುನಿಯಮ್ಮನ ಹೆಸರು, ಚೌಕದಲ್ಲಿಟ್ಟದ್ದು ಅಜ್ಜಿಯ ಎಲೆ ಅಡಿಕೆ ಚೀಲ.

ಪ್ರಾಣಿ ಮಾತ್ರ ಬರಲಿಲ್ಲ!

ನಲವತ್ತು ವರ್ಷ ಅಲ್ಲಾಳಸಂದ್ರ ಕೆರೆಯನ್ನು ಕಾದ ಅಜ್ಜಿ ಸುದ್ದಿ ಕೇಳಿ ಗೊಳ್ಳೆಂದು ನಕ್ಕಳು. "ನಂಗೇನಾಗೈತೆ ಅಂತ ಕಾವ್ಲು? ಗಟ್ಟಿಮುಟ್ಟಾಗಿ ಇಂಗೆ ಕುಂತಿವ್ನಿ. ಎಂಗೆ ಬಂದಾತು ಪ್ರಾಣಿ!"

"ನಗ್ಬೇಡ ಅಜ್ಜಿ. ಇನ್ನೆರಡೇ ಸಲ ಇರೋದು!"

ಪರೀಕ್ಷೆ ಆರು ತಿಂಗಳಿಗೊಮ್ಮೆ. ಮೂರು ಸಲ ಸೋತರೆ ಕಡಗ ವಾಪಸು ಕೊಡಬೇಕು. ಕಡಗದ ಜೊತೆಗೆ ನೆನಪೂ ಹೋಗುತ್ತದೆ... ಕಲಿತ ಮಂತ್ರ, ಮಂಡಳಿ, ಅಲ್ಲಿ ಪರಿಚಯವಾದ ಪ್ರತಿಯೊಬ್ಬರೂ.

ಮುಂದಿನ ಭಾನುವಾರ ಬೆಳಗ್ಗೆ ತೇಜಸ್ವಿನಿ ಅದೇ ಕೆರೆಯ ಏರಿಯ ಮೇಲೆ ಮಂತ್ರ ಅಭ್ಯಾಸ ಮಾಡುತ್ತಿದ್ದಾಗ ಒಂದು ಬೈಕು ಬಂದು ನಿಂತಿತು. ಇಳಿದವನು ಅದೇ ಪರೀಕ್ಷಕ, ನಿರಂಜನ!

"ಪೆನ್ ತಂದಿಲ್ಲ," ಎಂದು ಎರಡೂ ಕೈ ಬಿಚ್ಚಿ ತೋರಿಸಿದ. "ಕಲಿಸ್ಲಾ?"

ಬೇಡ ಎನ್ನಬೇಕೆಂದುಕೊಂಡೇ ತೇಜಸ್ವಿನಿ ಹೂಂ ಎಂದಳು. ಪರೀಕ್ಷೆ ನಡೆಯುವ ಹತ್ತು ನಿಮಿಷ ಕಲಿಸಿದವರು ಆ ಕೊಠಡಿಯಲ್ಲಿ ಇರುವಂತಿಲ್ಲ ಎಂಬುದು ಮಂಡಳಿಯ ಇನ್ನೊಂದು ನಿಯಮ. ಪೆನ್ನಿನ ಕಾಟವಾದರೂ ತಪ್ಪಿತು!

ಪ್ರತಿ ಭಾನುವಾರ ಅವನು ಕಲ್ಲುಬೆಂಚಿನ ಮೇಲೆ ಕಾಫಿ ಹೀರುತ್ತ ಕೂರುವುದು, ಇವಳು ಗಂಟಲು ಹರಿಯುವಂತೆ ಮಂತ್ರ ಹೇಳುವುದು. ವಾಕಿಂಗ್ ಬಂದವರು ಸಂಗೀತಾಭ್ಯಾಸ ಎಂದುಕೊಂಡು ಮರುಕದಿಂದ ನೋಡಿ ಹೋಗುತ್ತಿದ್ದರು. ಒಂದು ಅಳಿಲು ಸಹ ಬರಲಿಲ್ಲ.

"ನಿಮ್ಮ ಪ್ರಾಣಿ ಯಾವ್ದು? ತೋರ್ಸಿ, ನೋಡಿಯಾದ್ರೂ ಕಲೀತೀನಿ," ಎಂದಳು ಒಂದು ದಿನ, ರೇಗಿ.

ನಿರಂಜನ ಲೋಟ ಕೆಳಗಿಟ್ಟ. "ನಾಯಿ ಇತ್ತು. ಎರಡು ವರ್ಷದ ಹಿಂದೆ ಬಾವಿಯೊಳಗೆ ನನ್ನ ಜೊತೆಗಿದ್ದವನನ್ನ ಕಾಯೋಕೆ ಗಾಳಿ ಜೊತೆ ಸೆಣಸಾಡಿ ಹೋಯ್ತು. ಹೋದ ಕಾವಲು ಮತ್ತೆ ಬರಲ್ಲ."

"ಮತ್ತೆ ಈಗ್ಲೂ ರಾಜಾನುಕುಂಟೆ ಬಾವಿಗಳಿಗೆ ಇಳೀತೀರಂತೆ? ಕಾವಲಿಲ್ದೇ? ಬುದ್ಧಿ ಇದ್ಯಾ ನಿಮ್ಗೆ?"

"ಯಾರಾದ್ರೂ ಇಳೀಬೇಕಲ್ವಾ."

ಅಂದಿನಿಂದ ಶುರುವಾಯಿತು ನೋಡಿ ಅವಳ ಪಾಡು! ಅವನು ಬಾವಿಗೆ ಹೊರಟ ದಿನ ತುತ್ತು ಗಂಟಲಲ್ಲಿ ಇಳಿಯದು. ಫೋನ್ ಮಾಡಿ ಕೇಳೋಣವೆಂದರೆ ಯಾವ ಹಕ್ಕಿನಿಂದ ಕೇಳುವುದು? ಅಭ್ಯಾಸದ ನೆಪದಲ್ಲಿ ಮನೆಯ ಹಿತ್ತಲಲ್ಲಿ ನಿಂತು, ಅವನು ವಾಪಸು ಬಂದೆ ಎಂದು ಮೆಸೇಜ್ ಹಾಕುವವರೆಗೂ ಮಂತ್ರ ಹೇಳುತ್ತಿದ್ದಳು.

ಎರಡನೇ ಪರೀಕ್ಷೆಯೂ ಹೋಯಿತು. ಚೌಕ ಖಾಲಿ!

"ನನ್ನ ಬಗ್ಗೆ ಭಯ ಬೇಡ," ಎಂದ ನಿರಂಜನ, ಅವಳ ಸಪ್ಪೆ ಮುಖದ ಕಾರಣವನ್ನು ಅರ್ಧ ಸರಿಯಾಗಿ ಊಹಿಸಿ. "ಇತ್ತೀಚೆಗೆ ಬಾವಿ ಹತ್ರ ಅಮ್ಮನ ಮುಂಗುಸಿ ಬರುತ್ತೆ. ಪಾಪ, ನಿನ್ನೆನೂ ಬಂದಿತ್ತು."

"ಅಮ್ಮಂದೇ ಅಂತ ಕೇಳಿದ್ರಾ?"

"ಛೆ! ಯಾರ ಕಾವಲು ಅಂತ ಕೇಳಬಾರ್ದು. ಮನೆ ಹಿರಿಯರದ್ದು ಅಂದ್ಕೊಂಡು ಒಂಚೂರು ಬೆಲ್ಲ ಕೊಟ್ಟು ಕಳಿಸೋದು ಪದ್ಧತಿ."

ತೇಜಸ್ವಿನಿಗೆ ಸಮಾಧಾನವೂ ಆಯಿತು, ಹೊಟ್ಟೆಕಿಚ್ಚೂ ಆಯಿತು. 'ಊರಿನವರ ಪ್ರಾಣಿಗಳೆಲ್ಲ ಬರುತ್ತವೆ... ನನ್ನದೊಂದನ್ನು ಬಿಟ್ಟು!'

ಮೂರನೇ ಪರೀಕ್ಷೆಗೆ ವಾರವಿದ್ದಾಗ ಅರ್ಜಿ ಕೊಡಲು ಹೋದವಳ ಕಣ್ಣಿಗೆ, ಮಂಡಳಿಯ ಹಿರಿಯ ಪರೀಕ್ಷಕ ಆನಂದಪ್ಪನವರ ಮೇಜಿನ ಮೇಲಿದ್ದ ಹಾಳೆ ಬಿತ್ತು. ಕಲಿಸಿದವರ ವರದಿ. 'ಇವರಿಗೆ ಕಾವಲು ಒಲಿಯುವ ಲಕ್ಷಣವಿಲ್ಲ. ಅಪಾಯದ ಕೆಲಸ ಕೊಡಬಾರದು.' ಕೆಳಗೆ ನಿರಂಜನನ ಸಹಿ.

ಅವಳು ಮೆಟ್ಟಿಲಲ್ಲೇ ನಿಂತು ಫೋನ್ ಮಾಡಿದಳು.

"ಒಂದ್ ವರ್ಷ ನನ್ನ ನೋಡಿ ನಕ್ಕಿದ್ದು ಸಾಕಾಗ್ಲಿಲ್ವಾ?"

"ತೇಜಸ್ವಿನಿ, ನನ್ನ ಮಾತು ಸ್ವಲ್ಪ ಕೇಳಿ..."

"ಕೇಳಲ್ಲ! ಪೆನ್ ತಂದಿಲ್ಲ ಅಂದ್ರಲ್ಲ, ಸುಳ್ಳುಗಾರ!"

ಫೋನ್ ಕತ್ತರಿಸಿದಳು. ಆಮೇಲೆ ಅವನ ಒಂದೇ ಒಂದು ಕರೆಯನ್ನೂ ತೆಗೆಯಲಿಲ್ಲ. ಆ ಭಾನುವಾರ ಕೆರೆಯ ಕಡೆಗೇ ಹೋಗಲಿಲ್ಲ. ಮನೆಯಲ್ಲೇ ಕೂತು, ಅವನು ಬಂದು ಕಾದಿದ್ದು ಹೋಗಿರಬಹುದೇ ಎಂದು ದಿನವಿಡೀ ಯೋಚಿಸಿದಳು.

ಸೋಮವಾರ ಹನ್ನೊಂದು ಗಂಟೆಗೆ ಮೂರನೇ ಪರೀಕ್ಷೆ. ಚೌಕದಲ್ಲಿ ಎಲೆ ಅಡಿಕೆ ಚೀಲ ಇಡುತ್ತಿದ್ದಾಗ ಆನಂದಪ್ಪ ಫೋನ್ ಕೆಳಗಿಟ್ಟು ಗೊಣಗಿದರು. "ಈ ನಿರಂಜನ್ ಬೆಳಗ್ಗೆನೇ ಬಾವಿಗೆ ಇಳಿದಿದ್ದಾರೆ. ಹತ್ತು ಗಂಟೆಯಿಂದ ಫೋನೇ ತೆಗೀತಿಲ್ಲ. ಹೂಂ, ನೀನ್ ಶುರು ಮಾಡಮ್ಮ."

ಅವಳು ಚೀಲ ಬಿಟ್ಟು ಎದ್ದು ನಿಂತಳು. 'ಹಾಳಾಗಿ ಹೋಗಲಿ, ನನಗೇನು!' ಎಂದುಕೊಂಡಳು. ಕಣ್ಣು ಮುಚ್ಚಿದಳು. ಅಜ್ಜಿಯನ್ನು ನೆನೆಯಲು ಹೋದಳು, ಅಜ್ಜಿಯ ಮುಖವೇ ಬರಲಿಲ್ಲ. ಕತ್ತಲ ಬಾವಿ, ಕೆಸರು, ನಿದ್ದೆ ಕಾಣದ ಎರಡು ಕಣ್ಣು... ಮಂತ್ರ ಅಳುವಿನಂತೆ ಹೊರಬಂತು.

ಹತ್ತು ನಿಮಿಷ ಮುಗಿಯಿತು. ಚೌಕ ಖಾಲಿ.

"ಕಡಗ ಕೊಡಮ್ಮ," ಎಂದರು ಆನಂದಪ್ಪ ಮೆತ್ತಗೆ.

ಆ ಹಾಳು ಕಡಗವಾದರೂ ಸಲೀಸಾಗಿ ಬರಬೇಡವೇ? ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು! ಸೋಪು ನೀರು ತಂದರು. ಎಳೆಯುತ್ತಿದ್ದವಳು ಇದ್ದಕ್ಕಿದ್ದಂತೆ ಕೈ ಹಿಂದಕ್ಕೆಳೆದುಕೊಂಡಳು.

"ಸಾರ್... ಅವ್ರು ಫೋನ್ ತಗೊಳ್ಳೋವರ್ಗೂ ಇರ್ತೀನಿ. ಆಮೇಲೆ ಕೊಡ್ತೀನಿ. ಈಗ್ಲೇ ತೆಗೆದ್ರೆ, ಯಾರಿಗೋಸ್ಕರ ಕಾಯ್ತಿದ್ದೆ ಅನ್ನೋದೇ ಮರ್ತುಹೋಗುತ್ತೆ."

ನಿಯಮ ಬಿಟ್ಟು ಒಂದು ಹೆಜ್ಜೆ ಇಡದ ಆನಂದಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ಆಫೀಸು ನಾಲ್ಕು ಗಂಟೆವರ್ಗೂ ತೆಗೆದಿರುತ್ತೆ. ಕೂತ್ಕೋ."

ಹನ್ನೆರಡಾಯಿತು. ಎರಡಾಯಿತು. ತಂದಿಟ್ಟ ಟೀ ಆರಿಹೋಯಿತು. ಮೂರೂ ಮುಕ್ಕಾಲಿಗೆ ಮೆಟ್ಟಿಲ ಮೇಲೆ ಸದ್ದಾಯಿತು.

ಮೊದಲು ಬಂದದ್ದು ಒಂದು ಮುಂಗುಸಿ! ಜೇನಿನ ಬಣ್ಣ, ಪೊದೆಯಂಥ ಬಾಲ, ಕಿಟಕಿಯ ಬಿಸಿಲಿನಲ್ಲಿ ಓಡಿ ಬಂದರೂ ನೆರಳಿಲ್ಲ. ಚೌಕದೊಳಗಿಂದಲೇ ಹಾದು, ರಂಗೋಲಿಯನ್ನೆಲ್ಲ ಕೆಡಿಸಿ, ನೇರವಾಗಿ ತೇಜಸ್ವಿನಿಯ ಪಾದದ ಮೇಲೆ ಹತ್ತಿ ಕೂತಿತು.

ಅದರ ಹಿಂದೆ ಅಡಿಯಿಂದ ಮುಡಿಯವರೆಗೆ ಕೆಸರು ಮೆತ್ತಿಕೊಂಡ ನಿರಂಜನ.

"ಕೇಳಬಾರ್ದಿತ್ತು... ಕೇಳ್ಬಿಟ್ಟೆ," ಎಂದ ಏದುಸಿರು ಬಿಡುತ್ತ. "ಗಾಳಿ ಎದೆ ಮೇಲೆ ಕೂತಿತ್ತು. ಇದು ತೋಳು ಕಚ್ಚಿ ಎಳ್ದು ಎಳ್ದು ಎಚ್ಚರ ಮಾಡ್ತು. ಮೇಲೆ ಬಂದು ಬಿದ್ದವನಿಗೆ ಜ್ಞಾನ ಬರೋ ಹೊತ್ಗೆ ಎರಡು ಗಂಟೆ. ಅಮ್ಮಂಗೆ ಫೋನ್ ಮಾಡಿ, ನಿನ್ನ ಮುಂಗುಸಿ ನನ್ನ ಉಳಿಸ್ತು ಅಂದೆ. ಅಮ್ಮ ಬೈದ್ರು. 'ನಂದು ಹಸು ಕಣೋ, ಮುಂಗುಸಿ ಯಾರ್ದೋ' ಅಂತ! ಸರಿ, ನಿನ್ನ ಕಳಿಸಿದೋರ ಹತ್ರ ಹೋಗು ಅಂತ ಇದಕ್ಕೆ ಹೇಳಿ, ಇಲ್ಲಿಗೆ ಫೋನ್ ಮಾಡೋದೂ ಮರ್ತು ಬೈಕಲ್ಲಿ ಹಿಂದೆ ಬಂದೆ. ಹೆಬ್ಬಾಳದ ಜಾಮಲ್ಲಿ ನನಗೋಸ್ಕರ ಮೂರ್ ಸಲ ನಿಂತು ಕಾದಿದೆ ಪಾಪ."

ತೇಜಸ್ವಿನಿ ಬಗ್ಗಿ ಪಾದದ ಮೇಲಿದ್ದ ಮುಂಗುಸಿಯನ್ನು ನೋಡಿದಳು. ಒಂದು ವರ್ಷದಿಂದ ಬಾರದ ಪ್ರಾಣಿ... ತಿಂಗಳುಗಟ್ಟಲೆಯಿಂದ ಅವನನ್ನು ಕಾಯಲು ಹೋಗುತ್ತಲೇ ಇತ್ತು! ಭಾನುವಾರ ಕಣ್ಣೆದುರೇ ಕಾಫಿ ಕುಡಿಯುತ್ತ ಕ್ಷೇಮವಾಗಿ ಕೂತವನಿಗೆ ಕಾವಲು ಯಾಕೆ ಬೇಕಿತ್ತು?

ಸಂತೋಷಕ್ಕಿಂತ ಮೊದಲು ಅವಳಿಗೆ ಬಂದದ್ದು ಸಿಟ್ಟೇ.

"ವರದಿ ಯಾಕ್ ಹಾಗ್ ಬರೆದ್ರಿ? ನಾನು ಸೋತ್ರೆ ನಿಮ್ಮನ್ನೇ ಮರೀತೀನಿ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಪಾಸಾದ್ರೆ ನಿಮ್ಮನ್ನೂ ಬಾವಿಗೆ ಇಳಿಸ್ತಾರೆ ಅಂತ್ಲೂ ಗೊತ್ತಿತ್ತು. ಮರೆತರೂ ಪರ್ವಾಗಿಲ್ಲ, ಎಲ್ಲೋ ಒಂದು ಕಡೆ ಕ್ಷೇಮವಾಗಿ ಇರ್ತೀರಲ್ಲ ಅನ್ನಿಸ್ತು." ಅವನು ತಲೆ ತಗ್ಗಿಸಿದ. "ನಿಮ್ಮನ್ನ ಒಂದ್ ಮಾತು ಕೇಳದೇ ಬರ್ದೆ. ತಪ್ಪಾಯ್ತು."

ಆನಂದಪ್ಪ ಕೆಮ್ಮಿದರು. ಅರ್ಜಿ ಆಗಲೇ ಅವರ ಕೈಯಲ್ಲಿತ್ತು. "ಹನ್ನೊಂದು ಗಂಟೆ ಮಂತ್ರಕ್ಕೇ ಹೊರಟಿದ್ದು, ತಡವಾದ್ರೂ ಚೌಕಕ್ಕೆ ಬಂತು, ಒಪ್ಕೋತೀನಿ. ಆದ್ರೆ ಅಜ್ಜಿ ಹೆಸರು ಹೊಡೆದು ನಿರಂಜನ್ ಅಂತ ಬರೀಬೇಕು. ಅವರ ವಸ್ತು?"

ನಿರಂಜನ ಜೇಬಿನಿಂದ ಕೆಸರಾದ ಪೆನ್ ತೆಗೆದು ಕೆಟ್ಟ ಚೌಕದ ನಡುವೆ ಇಟ್ಟ.

"ಸಂಬಂಧ?"

ತೇಜಸ್ವಿನಿ ನಿರಂಜನನ ಮುಖ ನೋಡಿದಳು.

"ಮನೆಯವರಲ್ದೇ ಇದ್ರೆ ಲೆಕ್ಕಕ್ಕಿಲ್ಲಮ್ಮ. ನಾಲ್ಕಕ್ಕೆ ಐದೇ ನಿಮಿಷ ಇರೋದು."

"ಇದೆಂಥ ರೂಲ್ಸ್ ಸಾರ್!" ಎಂದು ಕೂಗಿಯೇಬಿಟ್ಟಳು. "ಪ್ರಾಣ ಉಳಿಸಿದೆ ಆ ಪ್ರಾಣಿ! ನಿಮ್ಗೆ ಕಾಲಂ ತುಂಬೋದೇ ಮುಖ್ಯನಾ?"

"ಮದುವೆ ಆಗಬೇಕಾದವರು ಅಂತ ಬರ್ಕೊಳ್ಳಿ ಸಾರ್," ಎಂದ ನಿರಂಜನ.

"ಮತ್ತೆ ನನ್ನ ಕೇಳದೇ!"

"ಈಗ ಕೇಳ್ತಿದ್ದೀನಿ ತೇಜಸ್ವಿನಿ. ಬರೀಬಹುದಾ?"

ಅವಳ ಕಣ್ಣು ತುಂಬಿ ಹರಿಯಿತು. ಆನಂದಪ್ಪನವರ ಕೈಯಿಂದ ಅರ್ಜಿ ಕಿತ್ತುಕೊಂಡಳು. ಬಗ್ಗಿ ಆ ಕೆಸರು ಪೆನ್ನನ್ನೇ ಎತ್ತಿ, ತಾನೇ ಬರೆದಳು. ಗಡಿಯಾರ ನಾಲ್ಕು ಹೊಡೆಯಿತು. ಕಡಗ ಅವಳ ಕೈಯಲ್ಲೇ ಉಳಿಯಿತು.

ಮೆಟ್ಟಿಲಿಳಿಯುವಾಗ ಮುಂಗುಸಿ ಇಬ್ಬರ ನಡುವೆ ಕುಣಿಯುತ್ತ ಬಂತು.

"ಇನ್ಮೇಲೆ ಬಾವಿಗೆ ಇಳಿಯೋ ಮೊದ್ಲು ನಂಗೆ ಫೋನ್ ಮಾಡ್ಬೇಕು," ಎಂದಳು ಮೂಗು ಒರೆಸಿಕೊಳ್ಳುತ್ತ.

"ಮಾಡ್ತೀನಿ. ಮರೆತ್ರೂ ಇದು ಬರುತ್ತಲ್ಲ."

"ಇದು ಬರೋದು ನಂಗೆ ಭಯ ಆದಾಗ ಕಣ್ರೀ."

ನಿರಂಜನ ನಿಂತ. ಕೆಸರು ಮೆತ್ತಿದ ಕೈಯಿಂದ ಅವಳ ಕಡಗದ ಕೈ ಹಿಡಿದುಕೊಂಡ.

"ಹಾಗಾದ್ರೆ ಮರೆಯಲ್ಲ."